ಎಣ್ಣೆ ಕುಡಿದ ಬಾಗಿಲು

ಮಂದಿಯ ಮುಖದ ಫೋಟೋ ತೆಗೆಯುವವರು ಎಲ್ಲ ಊರಲ್ಲೂ ಇದ್ದಾರೆ. ನಾನು ತೆಗೆದದ್ದು ಕಟ್ಟಿಗೆಯ ಮುಖ. ಬಾಗಿಲು, ಕಂಬ, ತೊಲೆ, ಗಾಡಿಯ ಗಾಲಿ, ಬೇವಿನ ತೊಗಟೆ, ಜೊತೆಗೆ ಹಾಸುಗಲ್ಲು, ಬಿರುಕು ಬಿಟ್ಟ ಎರೆ ಮಣ್ಣು. ಸಿಂದಗಿ, ಇಂಡಿ, ಬಾಗೇವಾಡಿ, ಮುದ್ದೇಬಿಹಾಳ ಕಡೆ ನಾನು ಎದುರು ಕೂತು ನೋಡದ ಹಳೆಯ ಬಾಗಿಲು ಕಡಿಮೆ. ಈಗ ಕಣ್ಣಿನ ಪೊರೆ ತೆಗೆಸಿಕೊಂಡು ಮನೆಯಲ್ಲಿದ್ದೇನೆ. ಈ ಕೆಲಸ ಕಲಿಸಿಕೊಡು ಎಂದು ಹುಡುಗ ಹುಡುಗಿಯರು ಆಗಾಗ ಬರುತ್ತಾರೆ. ಅವರು ಕೇಳುವುದು ಲೆನ್ಸಿನ ಮಾತು, ಬೆಳಕಿನ ಮಾತು. ಅದನ್ನು ಹೇಳುತ್ತೇನೆ. ಉಳಿದದ್ದನ್ನು ಹೇಳಲು ಬಾಯಿ ಏಳುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ನಾನು ಕಲಿತದ್ದು ನಾಲ್ಕನೇ ಇಯತ್ತೆ. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿ.

ನಮ್ಮ ಯಜಮಾನರದು ಸಿಂದಗಿಯಲ್ಲಿ ಬಸ್ ನಿಲ್ದಾಣದ ಹಿಂದೆ ಸಣ್ಣದೊಂದು ಫೋಟೋ ಸ್ಟುಡಿಯೋ. ಮದುವೆ, ಮುಂಜಿ, ಸಾಲಿ ಮಕ್ಕಳ ಫೋಟೋ ಅವರು ತೆಗೆಯುತ್ತಿದ್ದರು. ಕತ್ತಲೆ ಕೋಣೆಯಲ್ಲಿ ತೊಳೆದು ಒಣಗಿಸುವುದು ನನ್ನ ಪಾಲು. ಒಂದು ದಿನ ಹುಬ್ಬಳ್ಳಿಯಿಂದ ಜೋಶಿ ಅನ್ನುವ ಏಜೆಂಟರು ಬಂದರು. ಪ್ಲೈವುಡ್ ಮೇಲೆ ಅಂಟಿಸುವ ಮೈಕಾ ಹಾಳೆ ನೀವು ನೋಡಿದ್ದೀರಿ. ಅದರ ಮೇಲೆ ಕಾಣುವ ಕಟ್ಟಿಗೆ ಕಟ್ಟಿಗೆಯಲ್ಲ, ಕಾಗದದ ಮೇಲೆ ಅಚ್ಚಾದ ಫೋಟೋ. ಆ ಫೋಟೋವನ್ನು ಯಾರೋ ಎಲ್ಲೋ ತೆಗೆದಿರಬೇಕಲ್ಲ. ಅಂಥ ಫೋಟೋ ಬೇಕು, ಹಳೆಯ ಸವೆದ ಕಟ್ಟಿಗೆಯದ್ದೇ ಬೇಕು ಎಂದರು.

ಮೊದಲು ಹೋದವರು ಯಜಮಾನರು. ಮಟಮಟ ಮಧ್ಯಾಹ್ನ ಒಂದು ಊರಿನಲ್ಲಿ ಯಾರದೋ ಬಾಗಿಲ ಮುಂದೆ ಕ್ಯಾಮೆರಾ ಹೂಡಿ ಕೂತರು. ಗಂಡಸರೆಲ್ಲ ಹೊಲದಲ್ಲಿ, ಹೆಂಗಸರು ಒಳಗೆ. ಸ್ವಲ್ಪ ಹೊತ್ತಿಗೆ ಓಣಿಯ ಮುದುಕರು ಬಡಿಗೆ ಊರಿಕೊಂಡು ಬಂದರಂತೆ.

"ಯಾರ ಮನಿ ಬಾಗಲಾ ಕಾಯಾಕತ್ತೀಯೋ ತಮ್ಮಾ?"

"ಬಾಗಲದ್ದು ಫೋಟೋ ತೆಗಿಯಾಕತ್ತೇನ್ರಿ."

"ಬಾಗಲದ್ದೋ, ಬಾಗಲದ ಹಿಂದಿಂದೋ?"

ಯಜಮಾನರು ಮನೆಗೆ ಬಂದು ಚಪ್ಪಲಿ ಬಿಚ್ಚುವ ಮೊದಲೇ, "ಇದು ಗಂಡಸರ ಕೆಲಸ ಅಲ್ಲ. ನಾಳೆಯಿಂದ ನೀ ಹೋಗು" ಎಂದರು. ನನಗೆ ಈ ಕೆಲಸ ಸಿಕ್ಕಿದ್ದು ಹೀಗೆ. ಹೆಂಗಸು ಬಾಗಿಲ ಮುಂದೆ ಎಷ್ಟು ಹೊತ್ತು ಕೂತರೂ ಯಾರೂ ಕೇಳುವುದಿಲ್ಲ. ನೀರು ಕೊಡುತ್ತಾರೆ. ಒಳಗೂ ಕರೆಯುತ್ತಾರೆ.

ಜೋಶಿಯವರು ಕೆಲಸ ಬಲ್ಲವರು, ಬಾಯಿ ಮಾತ್ರ ಖಾರ. ನಾನು ಮೊದಲ ರೋಲನ್ನು ಫ್ಲ್ಯಾಶ್ ಹಾಕಿ ತೆಗೆದೆ. ಬಾಗಿಲುಗಳೆಲ್ಲ ಜೋಳದ ಹಿಟ್ಟು ಬಳಿದಂತೆ ಬಂದವು. ಅದನ್ನು ನೋಡಿ, "ಅಕ್ಕಾರ, ಇದೇನ್ ಬಾಗಲಾನೋ ರೊಟ್ಟಿಯೋ?" ಎಂದರು. ಎರಡನೆಯ ರೋಲಿನಲ್ಲಿ ಅರ್ಧದಷ್ಟರಲ್ಲಿ ನನ್ನ ತಲೆಯದೇ ನೆರಳು. ಆಮೇಲೆ ಅವರೇ ಒಂದು ದಿನ ನಿಂತು ಕಲಿಸಿದರು. ಹೊತ್ತು ಏರುವಾಗ ಇಲ್ಲವೇ ಇಳಿಯುವಾಗ ಬಿಸಿಲು ಓರೆಯಾಗಿ ಬೀಳಬೇಕು, ಆಗ ಮಾತ್ರ ಕಟ್ಟಿಗೆಯ ಗೆರೆಗೆ ಆಳ ಬರುತ್ತದೆ. ಕ್ಯಾಮೆರಾ ಬಾಗಿಲಿಗೆ ಸರಿಯಾಗಿ ಎದುರಿರಬೇಕು, ಕೂದಲೆಳೆ ವಾರೆಯಾದರೂ ಅಚ್ಚಿಗೆ ಬರುವುದಿಲ್ಲ. ಬಿಸಿಲು ಹೆಚ್ಚಾದರೆ ಬಿಳಿ ಧೋತರ ಅಡ್ಡ ಹಿಡಿಯಬೇಕು. ಒಣಗಿ ಬೂದಿಯಾದ ಕಟ್ಟಿಗೆಗೆ ಒದ್ದೆ ಅರಿವೆ ಒಮ್ಮೆ ಆಡಿಸಿದರೆ ಒಳಗಿನ ಬಣ್ಣ ಮೇಲೆ ಬರುತ್ತದೆ, ಆದರೆ ಅದು ಆರುವುದರೊಳಗೆ ತೆಗೆದುಬಿಡಬೇಕು. "ಫೋಟೋದ ಮ್ಯಾಲ ಕೈ ಆಡಿಸಿದ್ರ ಬೆರಳಿಗೆ ಸಿಬರು ಚುಚ್ಚಬೇಕು ನೋಡ್ರಿ" ಎನ್ನುತ್ತಿದ್ದರು. ಈ ಮಾತನ್ನು ನಾನು ಮರೆತಿಲ್ಲ. ನೀವೂ ಮರೆಯಬೇಡಿ.

ಮಂದಿ ನಗುತ್ತಿದ್ದರು. ಬಾಗೇವಾಡಿಯ ಹೊರಗೆ ಒಂದು ಬೇವಿನ ಗಿಡದ ಬೊಡ್ಡೆಗೆ ಮುಖ ಹಚ್ಚಿ ಕೂತಿದ್ದೆ. ಕುರಿ ಹೊಡೆದುಕೊಂಡು ಹೋಗುತ್ತಿದ್ದ ಮುದುಕ ನಿಂತು, "ಏನವಾ, ಬೇವಿನ ಗಿಡಕ್ಕ ವರ ನೋಡಾಕತ್ತೀಯೇನು, ಫೋಟೋ ತೆಗಿಯಾಕತ್ತಿ?" ಎಂದ. "ಹೌದೋ ಮಾವಾ, ನೀನೂ ಹಿಂಗ ನಿಲ್ಲು, ನಿಂದೊಂದು ತೆಗೀತೇನಿ. ತೊಗಟಿ ತೊಗಟಿಗೆ ಜೋಡಿ ಹೊಂದತೈತಿ" ಎಂದೆ. ಅವನ ನಗೆಗೆ ಕುರಿಗಳೇ ಬೆದರಿದವು. ಊರೂರಲ್ಲಿ ನನಗೆ ಕಟ್ಟಿಗೆ ಶಾಂತವ್ವ ಎಂದು ಹೆಸರು ಬಿತ್ತು. ಅದಕ್ಕೆ ನಾನು ನಾಚಿದವಳಲ್ಲ. ನಾಚಿಕೆಯ ಮಾತು ಮುಂದಿದೆ.

ಆಗ ನಾನು ಮೊದಲೇ ಹೇಳಿ ಹೋಗುತ್ತಿದ್ದೆ. ಇಂಡಿ ಕಡೆಯ ಒಂದು ಊರಿನಲ್ಲಿ ಒಳ್ಳೆಯ ಬಾಗಿಲು ಕಂಡಿತು. ಬಿಸಿಲಿಗೆ ಬೆಳ್ಳಗಾಗಿ, ಮಳೆಗೆ ಗೆರೆ ಎದ್ದು, ಮುದುಕಿಯ ಅಂಗೈಯಂತೆ ಇತ್ತು. ಅಂದು ಮೋಡ. "ನಾಡಿದ್ದು ಬಂದು ನಿಮ್ಮ ಬಾಗಲದ್ದು ಫೋಟೋ ತೆಗೀತೇನ್ರಿ" ಎಂದು ಮನೆಯ ಯಜಮಾನನಿಗೆ ಹೇಳಿ ಬಂದೆ. ಹೋಗಿ ನೋಡಿದರೆ ಬಾಗಿಲಿಗೆ ಗಿಳಿ ಹಸಿರು ಎಣ್ಣೆ ಬಣ್ಣ. ಅಂಚಿಗೆ ಹಳದಿ ಪಟ್ಟಿ. ಮೇಲೆ ಮಾವಿನ ತೋರಣ. ಮನೆಯವರೆಲ್ಲ ಹೊಸ ಅರಿವೆ ಉಟ್ಟು ನಿಂತಿದ್ದಾರೆ.

"ಹೆಂಗೈತ್ರಿ ಅಕ್ಕಾರ? ಎರಡು ಕೋಟ್ ಹೊಡಿಸೇನಿ. ಫೋಟೋಕ್ಕ ನಿಲ್ಲೂದಂದ್ರ ಬಾಗಲಾ ಆದ್ರೂ ತಯಾರಾಗಬೇಕಲ್ರಿ" ಎಂದ ಆ ಮನೆಯ ಯಜಮಾನ.

ಅವನದ್ದೇನು ತಪ್ಪು. ಫೋಟೋ ಎಂದರೆ ನಾವೂ ಮುಖ ತೊಳೆದು ಪೌಡರ್ ಹಚ್ಚಿಕೊಳ್ಳುತ್ತೇವೆ. "ಚಂದ ಐತ್ರಿ" ಎಂದೆ. ಆ ಹಸಿರು ಬಾಗಿಲ ಮುಂದೆ ಎಲ್ಲರನ್ನೂ ನಿಲ್ಲಿಸಿ ಒಂದು ಫೋಟೋ ತೆಗೆದುಕೊಟ್ಟೆ. ಜೋಶಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿಸಿ, "ಇನ್ನ ಮುಂದ ಯಾರಿಗೂ ಮೊದಲ ಹೇಳಬ್ಯಾಡ್ರಿ. ನೀರು ಕೇಳಿ ಒಳಗ ಹೋಗ್ರಿ" ಎಂದರು.

ಹಾಗೇ ಮಾಡಿದೆ. ಬಿಸಿಲಲ್ಲಿ ಬಂದ ಹೆಂಗಸಿಗೆ ಈ ಕಡೆ ಯಾರೂ ನೀರು ಇಲ್ಲ ಎನ್ನುವುದಿಲ್ಲ. ಚೊಂಬು ಹಿಡಿದು ಕೂತು ಬಾಗಿಲು ನೋಡುವುದು, ಹೊಂದಿದರೆ ಕ್ಯಾಮೆರಾ ತೆಗೆಯುವುದು.

ಗಂಗವ್ವನ ಬಾಗಿಲು ಸಿಕ್ಕಿದ್ದು ಹಾಗೆಯೇ. ಮುಳವಾಡದ ಹತ್ತಿರದ ಹಳ್ಳಿ. ಗಂಗವ್ವ ನನಗಿಂತ ಹತ್ತು ಹದಿನೈದು ವರ್ಷ ಹಿರಿಯಳು, ಗಂಡ ತೀರಿದ್ದ. ಮಗಳು ಶೈಲಾಳನ್ನು ಆಗಷ್ಟೇ ಮದುವೆ ಮಾಡಿ ಕಳಿಸಿದ್ದಳು. ಅದೇ ಮನೆಯಲ್ಲಿ ಮೈದುನನ ಸಂಸಾರವೂ ಇತ್ತು. ಬಾಗಿಲು ಸಾಗವಾನಿ, ಹೊಸ್ತಿಲು ಜಾಲಿ. ಚೌಕಟ್ಟಿನ ಬುಡದಲ್ಲಿ ಎರಡೂ ಕಡೆ ಕಟ್ಟಿಗೆ ಕಪ್ಪಗೆ, ಒಳಗಿನಿಂದ ಮಿಂಚುತ್ತಿತ್ತು. ನಾನು ಎಲ್ಲಿಯೂ ಅಂಥ ಕಪ್ಪು ಕಂಡಿರಲಿಲ್ಲ. ಪಾಲಿಶ್ ಅಲ್ಲ, ಬಣ್ಣವೂ ಅಲ್ಲ.

"ಯಕ್ಕಾ, ಇದಕ್ಕೇನ್ ಹಚ್ಚೀರಿ?"

"ನಾ ಏನ್ ಹಚ್ಚಲಿ ತಂಗಿ? ಎಣ್ಣಿ ಅದು. ಸೊಸಿ ಬಂದ್ರ ಹೊಸ್ತಲದ ಎರಡೂ ಬಾಜು ಎಣ್ಣಿ ಹಾಕಿ ಒಳಗ ಕರಕೋತೀವಲ್ಲ, ಮಗಳು ಹಡಿಯಾಕ ಬಂದ್ರೂ ಹಾಕತೀವಿ. ನಮ್ಮತ್ತಿದು ಐತಿ, ಅಕಿ ಅತ್ತಿದೂ ಐತಿ. ಎಲ್ಲಾರದೂ ಕುಡದೈತಿ ಇದು."

"ನಿಮ್ಮದು ಯಾವುದ್ರಿ ಇದರಾಗ?"

"ಯಾರಿಗ್ಗೊತ್ತು. ಎಣ್ಣಿಗೆ ಹೆಸರಿರತೈತೇನು?" ಎಂದು ನಕ್ಕಳು. "ನಮ್ಮ ಶೈಲಾನೂ ಬರ್ತಾಳ ಮುಂದ. ಅಕಿದೂ ಒಂದ ಬಟ್ಟಲಾ ಬೀಳತೈತಿ."

ಸಂಜೆಯ ಬಿಸಿಲಲ್ಲಿ ತೆಗೆದೆ. ಚೌಕಟ್ಟಿನಲ್ಲಿ ಕಣ್ಣಿನಂಥ ಒಂದು ಗಂಟು, ಅದರ ಪಕ್ಕ ಯಾವುದೋ ಕಾಲದ ಮೊಳೆ ಕಿತ್ತ ತೂತು, ಕೆಳಗೆ ಆ ಕಪ್ಪು. ಹೊರಡುವಾಗ ಗಂಗವ್ವ ಒಂದು ಕಾಪಿ ಕೇಳಿದಳು. "ಬಾಗಲಾನ ನಿಮ್ಮ ಮುಂದ ಐತಲ್ರಿ, ಕಾಪಿ ಯಾಕ?" ಎಂದೆ. "ನನಗಲ್ಲ, ಮಗಳಿಗೆ. ತವರ ನೆನಪಾದಾಗ ನೋಡಲಿ" ಎಂದಳು. ಕೊಡುತ್ತೇನೆ ಎಂದು ಬಂದೆ.

ಜೋಶಿಯವರು ಆ ಫೋಟೋವನ್ನು ಬೆಳಕಿಗೆ ಹಿಡಿದು, ಗಂಟಿನ ಮೇಲೆ ಬೆರಳು ಆಡಿಸಿದರು. ಆಮೇಲೆ ಭೇಷ್ ಎಂದರು. ಯಾವ ಊರು, ಯಾರ ಮನೆ, ಮನೆಯಲ್ಲಿ ಯಾರ್ಯಾರು ಎಂದು ಕೇಳಿದರು. ನಾನು ಹಿಗ್ಗಿನಲ್ಲಿ ಎಲ್ಲ ಹೇಳಿದೆ. ಮೈದುನನಿಗೆ ಮನೆಯ ಮೇಲೆ ಲಕ್ಷ್ಯವಿಲ್ಲ, ಮೋಟರ್‌ಸೈಕಲ್ ಹುಚ್ಚು ಎನ್ನುವುದನ್ನೂ ಹೇಳಿದೆ. ಅದನ್ನು ಕೇಳದಿದ್ದರೂ ಹೇಳಿದೆ.

ಕಾಪಿ ಒಯ್ಯಲು ನಾನು ತಡ ಮಾಡಿದೆ. ಮಳೆಗಾಲ ಕಳೆದ ಮೇಲೆ ಆ ಕಡೆ ಬೇರೆ ಕೆಲಸ ಬಿತ್ತು, ಹೋದೆ. ಓಣಿಯ ತಿರುವಿನಲ್ಲಿ ನಿಂತು ಮನೆ ತಪ್ಪಿದೆನೇನೋ ಎಂದುಕೊಂಡೆ. ಅಲ್ಲಿ ತಗಡಿನ ಬಾಗಿಲಿತ್ತು. ಚೌಕಟ್ಟು ಕಬ್ಬಿಣದ್ದು. ಹೊಸ್ತಿಲ ಜಾಗದಲ್ಲಿ ಸಿಮೆಂಟಿನ ಕಟ್ಟೆ. ಗಂಗವ್ವ ಕೈಯಲ್ಲಿ ಎಣ್ಣೆಯ ಬಟ್ಟಲು ಹಿಡಿದು ಹೊರಗೇ ನಿಂತಿದ್ದಳು. ಅಂದೇ ಮಗಳು ಹೆರಿಗೆಗೆ ಬರುವವಳಿದ್ದಳು.

"ಯಕ್ಕಾ, ಬಾಗಲಾ?"

"ನಾ ಹೊಲಕ್ಕ ಹೋದಾಗ ಟೆಂಪೋದಾಗ ಹಾಕ್ಕೊಂಡು ಹೋದ್ರು. ಮೈದುನ ಕೊಟ್ಟಾನ. ಗಾಡಿ ತಗೊಂಡಾನ." ಬಟ್ಟಲನ್ನು ಇನ್ನೊಂದು ಕೈಗೆ ಬದಲಿಸಿ ಹೇಳಿದಳು, "ಬಂದವನ ಕೈಯಾಗ ಫೋಟೋ ಇತ್ತಂತ ತಂಗಿ. ಬಾಗಲಾ ಒಂದ ಕಡೆ, ಫೋಟೋ ಒಂದ ಕಡೆ ಹಿಡದು ಜೋಡಿಸಿ ನೋಡಿದನಂತ. ಇದ ಹೌದು ಅಂದನಂತ."

ನನ್ನ ಕೈಯಲ್ಲಿ ಅದೇ ಫೋಟೋ. ಬೇರೆ ಏನು ಮಾಡುವುದು ತಿಳಿಯದೆ ಅದನ್ನು ಚಾಚಿದೆ. ಗಂಗವ್ವ ನೋಡಿದಳು. ಬೈಯಲಿಲ್ಲ.

"ಇದನ್ನೇನ್ ಮಾಡ್ಲಿ? ಇದಕ್ಕ ಎಣ್ಣಿ ಹಾಕಲೇನು?" ಎಂದಳು.

ಅಷ್ಟರಲ್ಲಿ ಟಂಟಂ ಆಟೋ ಬಂತು. ಶೈಲಾ ಬೆನ್ನಿಗೆ ಕೈ ಕೊಟ್ಟುಕೊಂಡು ಇಳಿದಳು. ಬಾಗಿಲು ನೋಡಿದಳು, ತಾಯಿಯ ಮುಖ ನೋಡಿದಳು. ಮೈದುನನ ಹೆಂಡತಿ ಒಳಗಿದ್ದಳು, ಹೊರಗೆ ಮುಖ ತೋರಿಸಲಿಲ್ಲ. ಗಂಗವ್ವ ಬಟ್ಟಲನ್ನು ನನ್ನ ಕೈಗಿಟ್ಟಳು.

"ಗಂಡ ಇಲ್ಲದಾಕಿ ನಾ, ಹಾಕಾಕ ಬರೂದಿಲ್ಲ. ನೀ ಮುತ್ತೈದಿ ಅದೀ, ನೀನ ಹಾಕು. ಹುಡುಗಿ ಎಷ್ಟೊತ್ತು ನಿಂದರಬೇಕು."

ಹಾಕಿದೆ. ಎಡಕ್ಕೆ ಹಾಕಿದೆ, ಬಲಕ್ಕೆ ಹಾಕಿದೆ. ಸಿಮೆಂಟು ಎಣ್ಣೆ ಕುಡಿಯಲಿಲ್ಲ. ಎರಡೂ ಕಡೆಯಿಂದ ಹರಿದು ನಡುವೆ ಕೂಡಿ, ಧೂಳು ಹೊತ್ತುಕೊಂಡು ಅಂಗಳಕ್ಕೆ ಇಳಿಯಿತು. ಶೈಲಾ ಅದನ್ನು ದಾಟಿ, ಬಲಗಾಲು ಇಟ್ಟು ಒಳಗೆ ಹೋದಳು. ಗಂಗವ್ವ ನನಗೆ ಚಹಾ ಮಾಡಿಕೊಟ್ಟಳು. ಒಂದು ಮಾತು ಅಂದಿದ್ದರೆ ಸುಲಭವಿತ್ತು. ಚಹಾ ಕುಡಿಯುವುದೇ ಕಷ್ಟವಾಯಿತು.

ಜೋಶಿಯವರಿಗೆ ಫೋನಿನಲ್ಲಿ ಬಾಯಿಗೆ ಬಂದದ್ದು ಅಂದೆ. ಅವರು ಸಮಾಧಾನದಿಂದ ಕೇಳಿಸಿಕೊಂಡರು. "ಹಳೇ ಕಟ್ಟಿಗಿ ಯಾಪಾರಿ ನಮ್ಮ ಪೈಕಿ ಅದಾನ್ರಿ. ಬಿಲ್ಡಿಂಗ್ ಕಟ್ಟಾವ್ರು ಕೇಳತಾರ, ಒಯ್ದು ಕೊಡತಾನ. ಅವ್ರೇನ್ ಕದ್ದಿಲ್ಲಲ್ರಿ. ಕೊಟ್ಟಾವ್ರು ಮನ್ಯಾವ್ರು" ಎಂದರು. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಫೋನ್ ಕೆಳಗಿಟ್ಟೆ.

ಅಲ್ಲಿಗೆ ಕೆಲಸ ಬಿಟ್ಟೆ ಎಂದು ನೀವು ತಿಳಿಯಬಹುದು. ಬಿಡಲಿಲ್ಲ. ಯಜಮಾನರಿಗೆ ಸಕ್ಕರೆ ಕಾಯಿಲೆ ಇತ್ತು, ಮಗ ಓದುತ್ತಿದ್ದ. ಅದು ನಿಜ. ಆದರೆ ಅದಷ್ಟೇ ಅಲ್ಲ. ಬೆಳಗಿನ ಬಿಸಿಲು ಕಟ್ಟಿಗೆಯ ಗೆರೆಯಲ್ಲಿ ಇಳಿಯುವುದನ್ನು ಕಾಯುತ್ತಾ ಕೂರುವುದು ನನಗೆ ಸೇರುತ್ತಿತ್ತು. ಹೆಚ್ಚು ಸಾಲಿ ಕಲಿಯದ ಹೆಂಗಸಿನ ಕೆಲಸಕ್ಕೆ ಒಬ್ಬರು ಭೇಷ್ ಎನ್ನುವುದೂ ಸೇರುತ್ತಿತ್ತು. ಊರಿನ ಹೆಸರು ಹೇಳುವುದನ್ನು ಮಾತ್ರ ಬಿಟ್ಟೆ. ಕೇಳಿದರೆ "ಮರ್ತೇನ್ರಿ" ಎನ್ನುತ್ತಿದ್ದೆ.

"ಬಾಗಲದ ಗಂಟು ನೆನಪಿರತಾವ, ಊರು ಮರೀತಾವೇನ್ರಿ ಅಕ್ಕಾರ?" ಎಂದು ಜೋಶಿ ನಗುತ್ತಿದ್ದರು. ಅವರಿಗೆ ನನ್ನ ಬಾಯಿ ಬೇಕಾಗಿಯೇ ಇರಲಿಲ್ಲ. ಟೆಂಪೋದವನು ನಾನು ಎಲ್ಲಿ ಬಸ್ ಇಳಿದೆ ಎಂದು ಕಂಡಕ್ಟರನನ್ನು ಕೇಳಿದರೆ ಸಾಕಿತ್ತು. ಕಟ್ಟಿಗೆ ಶಾಂತವ್ವನನ್ನು ಗುರುತಿಸದ ಕಂಡಕ್ಟರ್ ಈ ದಾರಿಯಲ್ಲಿ ಇರಲಿಲ್ಲ.

ತಂಗಡಗಿಗೆ ಹೋದದ್ದು ಅದಾದ ಒಂದೆರಡು ವರ್ಷಕ್ಕೆ. ಹೊಳೆಯ ದಂಡೆಯ ಊರು, ತೇವ ತಿಂದ ಕಟ್ಟಿಗೆಗೆ ಬೇರೆಯೇ ಗೆರೆ ಇರುತ್ತದೆ ಎಂಬ ಆಸೆ. ಒಂದು ಮನೆಯ ಮುಂದೆ ನನ್ನ ವಯಸ್ಸಿನ ಹೆಂಗಸು ಸ್ಟೂಲಿನ ಮೇಲೆ ನಿಂತು ಬಾಗಿಲಿಗೆ ಹಸಿರು ಬಣ್ಣ ಬಳಿಯುತ್ತಿದ್ದಳು. ನಾನು ನೀರು ಕೇಳಿದೆ. ಇಳಿದು, ಕೈ ಒರೆಸಿಕೊಂಡು, ಚೊಂಬು ತಂದುಕೊಟ್ಟು ಮತ್ತೆ ಸ್ಟೂಲ್ ಹತ್ತಿದಳು. ಇನ್ನೂ ಬಣ್ಣ ತಾಗದ ಕೆಳಗಿನ ಅರ್ಧ ಬಾಗಿಲು ಎಂಥದಿತ್ತು ಎಂದರೆ, ನನ್ನ ಕೈ ತಾನೇ ಚೀಲದ ಕಡೆ ಹೋಯಿತು.

"ಯಾಕ್ರಿ ಬಳಿಯಾಕತ್ತೀರಿ? ದೀಪಾವಳಿ ಇನ್ನೂ ದೂರ ಐತಲ್ಲ."

"ದೀಪಾವಳಿಗಲ್ಲವಾ. ಸಿಂದಗಿ ಕಡಿಂದ ಒಬ್ಬಾಕಿ ಬರ್ತಾಳಂತ. ನೀರು ಕೇಳತಾಳಂತ. ನೀರು ಕುಡಕೋತ ಬಾಗಲಾ ನೋಡತಾಳಂತ. ಅಕಿ ನೋಡಿ ಹೋದ್ರ ಹಿಂದ ಟೆಂಪೋ ಬರತೈತಂತ. ನಮ್ಮ ಮನ್ಯಾಗೂ ಗಂಡಸರದಾರಲ್ಲ, ಯಾರ ಮನಸ್ಸು ಹೆಂಗೋ. ಬಣ್ಣ ಬಳದದ್ದು ಅವ್ರಿಗೆ ನಡೆಯೂದಿಲ್ಲಂತ."

ನೀರು ಇನ್ನೂ ಬಾಯಲ್ಲೇ ಇತ್ತು. ನುಂಗಿದೆ.

"ನೋಡಾಕ ಹೆಂಗದಾಳಂತ್ರಿ ಅಕಿ?"

"ಹೆಂಗಿರತಾಳ? ನಮ್ಮ ನಿಮ್ಮಂಗ ಅದಾಳಂತ. ಅದಕ್ಕ ಮಂದಿ ಒಳಗ ಕರೀತಾರ."

ಕ್ಯಾಮೆರಾ ಚೀಲವನ್ನು ಸೆರಗಿನ ಕೆಳಗೆ ಎಳೆದುಕೊಂಡೆ. ಚೊಂಬು ಕಟ್ಟೆಯ ಮೇಲಿಟ್ಟೆ. "ಇನ್ನಷ್ಟು ತರ್ಲೇನವಾ? ಬಿಸಲಾಗ ಬಂದೀ" ಎಂದಳು. ಬೇಡ ಎಂದು ಎದ್ದು ಬಂದೆ. ಬಸ್ ನಿಲ್ಲುವಲ್ಲಿಯವರೆಗೂ ಹಿಂದೆ ತಿರುಗಿ ನೋಡಲಿಲ್ಲ. ಇಂಡಿ ಕಡೆಯವನು ನನ್ನನ್ನು ಗೌರವಿಸಲು ಬಳಿದಿದ್ದ. ಇವಳು ನನ್ನಿಂದ ಉಳಿಸಿಕೊಳ್ಳಲು ಬಳಿಯುತ್ತಿದ್ದಳು. ಬಣ್ಣ ಅದೇ ಗಿಳಿ ಹಸಿರು.

ಆಮೇಲೆ ನಾನು ಮನೆಯ ಬಾಗಿಲಿಗೆ ಹೋಗಲಿಲ್ಲ. ತೊಗಟೆ, ಕಲ್ಲು, ಮಣ್ಣು ಅಷ್ಟೇ ತೆಗೆದೆ. ಇಂಡಿಯ ನಿಂಬೆ ಗಿಡದ ಬೊಡ್ಡೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಾಯಿ ಬಿಡುವ ಎರೆ ಹೊಲ. ಅದಕ್ಕೆ ಗಿರಾಕಿ ಕಡಿಮೆ. ಜೋಶಿಯವರು ಬೇರೆಯವರನ್ನು ಬಾಗಿಲಿಗೆ ಕಳಿಸಿ ನೋಡಿದರು. "ಏನ್ ಬಂದೈತೋ ಆ ಕಡೆ ಮಂದಿಗೆ, ಹಸರ ಬಣ್ಣದ ಹುಚ್ಚು ಹಿಡದೈತಿ" ಎಂದು ಬೇಜಾರು ಪಟ್ಟುಕೊಂಡರು. ನಾನು ಹೂಂ ಎಂದೆ. ಮುಂದೆ ಡಿಜಿಟಲ್ ಬಂತು. ಅದರ ಹಿಂದೆಯೇ ಹಲಗೆಯನ್ನು ಮಲಗಿಸಿ ಸ್ಕ್ಯಾನ್ ಮಾಡುವ ಯಂತ್ರ ಬಂತು. ಓರೆ ಬಿಸಿಲು, ಧೋತರ, ಒದ್ದೆ ಅರಿವೆ ಯಾವುದೂ ಬೇಕಾಗಲಿಲ್ಲ, ನಾನೂ ಬೇಕಾಗಲಿಲ್ಲ. ಕೆಲಸ ನನ್ನನ್ನು ಬಿಟ್ಟಿತು. ನಾನೇ ಬಿಟ್ಟೆ ಎಂದು ಹೇಳಿಕೊಳ್ಳುವ ಅವಕಾಶವೂ ಸಿಗಲಿಲ್ಲ.

ಮಗ ಸಿಂದಗಿಯಲ್ಲಿ ಮನೆ ಕಟ್ಟಿಸುವಾಗ ಜೋಶಿಯವರು ಅಕ್ಕಾರ ಮನೆಗೆಂದು ಮೈಕಾ ಹಾಳೆ ಕಳಿಸಿಕೊಟ್ಟರು. ಬಡಿಗೇರ ಅದನ್ನು ಮುಂಬಾಗಿಲಿಗೂ ಅದರ ಚೌಕಟ್ಟಿಗೂ ಅಂಟಿಸಿದ. ಆಗ ನನ್ನ ಕಣ್ಣಿಗೆ ಪೊರೆ, ಬಾಗಿಲು ಕಂದು ಬಣ್ಣದ್ದು ಎನ್ನುವಷ್ಟೇ ಕಾಣುತ್ತಿತ್ತು. ಆಪರೇಶನ್ ಆಗಿ ಪಟ್ಟಿ ಬಿಚ್ಚಿಸಿಕೊಂಡು ಬಂದ ದಿನ ಬಾಗಿಲ ಮುಂದೆ ನಿಂತೆ. ಕಣ್ಣಿನಂಥ ಗಂಟು. ಪಕ್ಕದಲ್ಲಿ ಮೊಳೆ ಕಿತ್ತ ತೂತು. ಕೆಳಗೆ ಎಣ್ಣೆ ಕುಡಿದ ಕಪ್ಪು. ಅಚ್ಚಿನವರು ಅದೇ ತುಂಡನ್ನು ಮತ್ತೆ ಮತ್ತೆ ಜೋಡಿಸಿದ್ದರಿಂದ ಎಣ್ಣೆಯ ಕಲೆ ಕಾಲಿನ ಹತ್ತಿರ ಇತ್ತು, ಮೊಣಕಾಲಿನ ಹತ್ತಿರ ಇತ್ತು, ಎದೆಯ ಮಟ್ಟಕ್ಕೂ ಇತ್ತು. ಎದೆಯ ಮಟ್ಟಕ್ಕೆ ಯಾರು ಎಣ್ಣೆ ಹಾಕುತ್ತಾರೆ?

ಬಂದವರು ಸವರಿ ನೋಡುತ್ತಾರೆ. "ಹಳೇ ಸಾಗವಾನಿ ಏನ್ರಿ?" ಎನ್ನುತ್ತಾರೆ. "ನಮ್ಮವ್ವ ತಗದ ಫೋಟೋರಿ" ಎಂದು ಮಗ ಎದೆಯುಬ್ಬಿಸಿ ಹೇಳುತ್ತಾನೆ. ಇದನ್ನು ತೆಗೆಸು ಎಂದು ಅವನಿಗೆ ಹೇಳಿದೆ, ಯಾಕೆ ಎನ್ನುವುದನ್ನೂ ಹೇಳಿದೆ. ಅವನು ಬಾಗಿಲ ಅಂಚಿಗೆ ಉಗುರು ಹಾಕಿ ನೋಡಿ, "ಕಿತ್ತರ ಪ್ಲೈವುಡ್ಡೂ ಕಿತ್ತ ಬರತೈತವಾ" ಎಂದ.

ಕಳೆದ ತಿಂಗಳು ಮೊಮ್ಮಗಳು ರೂಪಾ ಹೆರಿಗೆಗೆ ಬಂದಳು. ಸೊಸೆ ಬಟ್ಟಲಲ್ಲಿ ಎಣ್ಣೆ ತಂದಳು. ರೂಪಾ ಓದಿದವಳು, ಯಜಮಾನರು ತೀರಿದ ಮೇಲಿನ ನನ್ನ ಬರಿಗೊರಳು ಅವಳ ಲೆಕ್ಕಕ್ಕಿಲ್ಲ. ಹೊರಗೆ ನಿಂತೇ, "ಅಜ್ಜಿ, ನೀನ ಹಾಕು. ನೀ ಹಾಕಿದ್ರನ ಒಳಗ ಬರ್ತೇನಿ" ಎಂದಳು.

"ನಾ ಒಮ್ಮೆ ಹಾಕೇನಿ. ಸಾಕು. ನಿಮ್ಮವ್ವ ಹಾಕತಾಳ" ಎಂದೆ.

ಸೊಸೆ ಚೌಕಟ್ಟಿನ ಬುಡಕ್ಕೆ ಎರಡೂ ಕಡೆ ಹಾಕಿದಳು. ಅಚ್ಚಾದ ಕಲೆಯ ಮೇಲೆಯೇ ಬಿದ್ದ ಎಣ್ಣೆ ಅಲ್ಲಿ ನಿಲ್ಲದೆ ಜಾರಿ ನೆಲದ ಫರಸಿಗೆ ಇಳಿಯಿತು. ಬಸುರಿ ಹುಡುಗಿ ಕಾಲು ಜಾರಿಯಾಳು ಎಂದು ಸೊಸೆ ಗಾಬರಿಯಾಗಿ ಅವಳ ರಟ್ಟೆ ಹಿಡಿದು ಒಳಗೆ ಕರೆದುಕೊಂಡಳು. ನಾನು ಹಳೆಯ ಅರಿವೆ ತಂದು, ಕೂತು, ಒರೆಸಿದೆ. ಒಂದೇ ಸಲಕ್ಕೆ ಹೋಯಿತು. ಬೆರಳಿಟ್ಟು ನೋಡಿದೆ, ರೂಪಾಳ ಎಣ್ಣೆ ಒಂದು ಹನಿಯೂ ಉಳಿದಿರಲಿಲ್ಲ. ಗಂಗವ್ವನ ಮನೆಯ ಹೆಂಗಸರದ್ದು ಮಾತ್ರ ಇದ್ದಲ್ಲೇ ಇತ್ತು.